ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ: ಎಳ್ಳಮಾಸಿಗೆ ವೀಗನ್ ಅತಿಥಿ ಬಂದರೆ ಏನು ಬದಲಿಸಬೇಕು, ಏನು ಬೇಡ?

"ಹಾಲೂ ಬ್ಯಾಡ, ಮಜ್ಜಿಗಿನೂ ಬ್ಯಾಡ, ತುಪ್ಪಾನೂ ಬ್ಯಾಡಂದ್ರ ಆ ಹುಡುಗಿಗಿ ನಾ ಏನ್ ನೀಡ್ಲಿ?"

ಭಾಲ್ಕಿಯಿಂದ ನಮ್ಮ ವೈನಿ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಬೆಂಗಳೂರಿನಲ್ಲಿ ಕೆಲಸ ಮಾಡುವ ಅವರ ಮಗಳು ಎಳ್ಳ ಅಮಾವಾಸ್ಯೆಗೆ ಊರಿಗೆ ಬರುವವಳಿದ್ದಳು, ಜೊತೆಗೆ ಒಬ್ಬ ಗೆಳತಿ. ಆ ಗೆಳತಿ ವೀಗನ್. ಸುದ್ದಿ ಮನೆಯ ವಾಟ್ಸಾಪ್ ಗ್ರೂಪಿಗೆ ಬಿದ್ದದ್ದೇ ತಡ, ಒಬ್ಬೊಬ್ಬರು ಒಂದೊಂದು ಫಾರ್ವರ್ಡ್ ಹಾಕತೊಡಗಿದರು. ಹಾಲಿಲ್ಲದ ಊಟದಲ್ಲಿ ಪ್ರೋಟೀನ್ ಇರುವುದಿಲ್ಲ ಎಂದು ಒಂದು. ಒಂದು ಚಮಚ ಎಳ್ಳು ಒಂದು ಲೋಟ ಹಾಲಿಗೆ ಸಮ ಎಂದು ಇನ್ನೊಂದು. ಸಕ್ಕರೆಯನ್ನು ಮೂಳೆಪುಡಿ ಹಾಕಿ ಬಿಳಿ ಮಾಡುತ್ತಾರೆ, ಸಜ್ಜಿ ಉಷ್ಣ, ಹುಣಸೆ ಹಾಕಿದ ಭಜ್ಜಿ ಎರಡು ದಿನ ಹೊರಗಿಟ್ಟರೂ ಕೆಡುವುದಿಲ್ಲ ಎಂದು ಮತ್ತಷ್ಟು.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ತಪ್ಪು. ಕೊನೆಯದು ಮಾತ್ರ ತಪ್ಪಷ್ಟೇ ಅಲ್ಲ, ಅಪಾಯಕಾರಿ ಕೂಡ. ಹಾಗಾಗಿ ಈ ಲೇಖನದಲ್ಲಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಮೊದಲು, ವೀಗನ್ ಅಂದರೆ ಯಾರು?

ಮಾಂಸ, ಮೊಟ್ಟೆ ತಿನ್ನದವರು ಸಸ್ಯಾಹಾರಿಗಳು. ಅದರ ಜೊತೆ ಹಾಲು, ಮೊಸರು, ತುಪ್ಪ, ಜೇನು ಕೂಡ ಬೇಡ ಎನ್ನುವವರು ವೀಗನ್. ಪ್ರಾಣಿಯಿಂದ ಬಂದದ್ದು ಯಾವುದೂ ತಟ್ಟೆಯಲ್ಲಿ ಇರಬಾರದು ಎಂಬುದಷ್ಟೇ ನಿಯಮ. ಈ ಹೆಸರು ಹುಟ್ಟಿದ್ದು 1944ರಲ್ಲಿ, ಬ್ರಿಟನ್ನಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಗೆಳೆಯರು ವೀಗನ್ ಸೊಸೈಟಿ ಕಟ್ಟಿದಾಗ. ನಮ್ಮಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ವೀಗನ್ ಆಹಾರಕ್ಕೆಂದೇ 2022ರಲ್ಲಿ ನಿಯಮ ತಂದಿದೆ. ಪ್ಯಾಕೆಟ್ ಮೇಲೆ ಹಸಿರು ಬಣ್ಣದ 'ವಿ' ಗುರುತು ಇದ್ದರೆ ಅದು ಆ ನಿಯಮದಂತೆ ತಯಾರಾದದ್ದು.

ಹೆಸರು ಹೊಸದು. ಬೀದರ್ ಕಡೆಯ ಚಳಿಗಾಲದ ಊಟಕ್ಕೆ ಸಂಗತಿ ಮಾತ್ರ ಹೊಸದಲ್ಲ. ವೈನಿಗೆ ನಾನು ಹೇಳಿದ್ದೂ ಅದನ್ನೇ: ಎಳ್ಳಮಾಸಿ ತಟ್ಟೆಯನ್ನು ಒಂದ್ಸಲ ಕಣ್ಮುಂದೆ ತಂದುಕೊಳ್ಳಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜ್ವಾಳದ ರೊಟ್ಟಿ, ಭಜ್ಜಿ, ಬದನೆಕಾಯಿ ಎಣ್ಣಿಗಾಯಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಹಸಿ ಉಳ್ಳಾಗಡ್ಡಿ, ಗಜ್ಜರಿ. ಇಲ್ಲಿಯವರೆಗೆ ಒಂದು ಹನಿ ಹಾಲೂ ಬಂದಿಲ್ಲ! ಅದು ಬರುವುದು ಮೂರೇ ಕಡೆ. ಅಂಬಲಿಯ ಮಜ್ಜಿಗೆಯಲ್ಲಿ, ಹೋಳಿಗೆಯ ಮೇಲಿನ ತುಪ್ಪದಲ್ಲಿ, ಅಕ್ಕಿ ಹುಗ್ಗಿಗೆ ಕಲಸಿಕೊಳ್ಳುವ ಹಾಲಿನಲ್ಲಿ.

ಭಜ್ಜಿ ಅಂದರೆ ಬಜ್ಜಿ ಅಲ್ಲ

ದಕ್ಷಿಣದ ಓದುಗರಿಗೆ ಒಂದು ಮಾತು. ಮೆಣಸಿನಕಾಯಿ ಬಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ಬೀದರ್, ಭಾಲ್ಕಿ, ಔರಾದ್, ಕಲಬುರಗಿ ಸೀಮೆಯಲ್ಲಿ ಭಜ್ಜಿ ಅಂದರೆ ಹೊಲದಲ್ಲಿ ಆ ಹೊತ್ತಿಗೆ ಸಿಗುವ ಎಲ್ಲ ಹಸಿ ಕಾಳು, ಸೊಪ್ಪು, ತರಕಾರಿಯನ್ನು ಒಟ್ಟಿಗೆ ಬೇಯಿಸಿ, ಮಸೆದು, ಹುಣಸೆಹುಳಿ ಹಾಕಿ ಕುದಿಸಿದ ಗಟ್ಟಿ ಪಲ್ಯ. ಗಡಿಯಾಚೆ ಲಾತೂರ್, ನಾಂದೇಡ್ ಕಡೆಯವರೂ ಅದೇ ದಿನ 'ವೇಳ ಅಮಾವಾಸ್ಯಾ' ಎಂದು ಹೊಲಕ್ಕೆ ಹೋಗುತ್ತಾರೆ, ಅವರ ಬುತ್ತಿಯಲ್ಲೂ ಇದೇ ಭಜ್ಜಿ, ಇದೇ ಅಂಬಿಲ್. ಔರಾದ್ ಕಡೆಯ ಮನೆಗಳಲ್ಲಿ ಎರಡೂ ಭಾಷೆ ಬೆರೆತಿರುವುದರಿಂದ ಭಜ್ಜಿ ನಮ್ಮದೋ ಅವರದೋ ಎಂಬ ಜಗಳಕ್ಕೆ ಅರ್ಥವಿಲ್ಲ.

ಮಾರ್ಗಶಿರದ ಅಮಾವಾಸ್ಯೆ ಬರುವುದು ಡಿಸೆಂಬರ್ ಕೊನೆ ಅಥವಾ ಜನವರಿ ಮೊದಲಲ್ಲಿ. ಆಗ ತೊಗರಿ ಕಾಯಿ ತುಂಬಿರುತ್ತದೆ, ಕಡಲೆ ಗಿಡ ಹಸಿರಾಗಿರುತ್ತದೆ, ಬಟಾಣಿ, ಅವರೆ, ಮೆಂತ್ಯ, ಪಾಲಕ, ಹಸಿ ಉಳ್ಳಾಗಡ್ಡಿ ಎಲ್ಲವೂ ಒಟ್ಟಿಗೇ ಸಿಗುತ್ತವೆ. ಹಬ್ಬಕ್ಕೆ ಭಜ್ಜಿ ಆಯ್ಕೆಯಾದದ್ದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಆ ವಾರ ಹೊಲದಲ್ಲಿ ಏನಿರುತ್ತದೋ ಅದೇ ಪಾತ್ರೆಗೆ ಬೀಳುತ್ತದೆ. ಪಟ್ಟಣದ ನೆಂಟರು, ಗೆಳೆಯರು, ಆಫೀಸಿನವರು ಎಲ್ಲರಿಗೂ ಹೊಲಕ್ಕೆ ಕರೆ ಹೋಗುತ್ತದೆ. ಜಾತಿ, ಧರ್ಮ ಕೇಳದೆ ಕರೆಯುವ ಊಟ ಇದು. ಜೋಳದ ದಂಟಿನ ಕೊಂಪೆ ಕಟ್ಟಿ, ಒಳಗೆ ಸುಣ್ಣ ಹಚ್ಚಿದ ಐದು ಕಲ್ಲುಗಳನ್ನು ಪಾಂಡವರೆಂದು ಇಟ್ಟು ಪೂಜೆ ಮಾಡಿ, ಚರಗ ಚೆಲ್ಲಿ, ಆಮೇಲೆ ಬಂದವರೆಲ್ಲ ಸಾಲಾಗಿ ಕೂತು ಉಣ್ಣುವುದು.

ಮಾಡುವುದು ಕಷ್ಟವಲ್ಲ, ಕಾಯಿ ಸುಲಿಯುವುದೇ ಕಷ್ಟ. ಹತ್ತು ಮಂದಿಗೆ ಅಂದಾಜು ಹೇಳುವುದಾದರೆ, ಸುಲಿದ ಹಸಿ ತೊಗರಿ, ಹಸಿ ಕಡಲೆ, ಬಟಾಣಿ, ಅವರೆ ಎಲ್ಲ ಸೇರಿ ಮುಕ್ಕಾಲು ಕಿಲೋ. ಒಂದು ಹಿಡಿ ಹಸಿ ಶೇಂಗಾ. ಎರಡು ಕಟ್ಟು ಮೆಂತ್ಯ, ಎರಡು ಕಟ್ಟು ಪಾಲಕ, ಸಿಕ್ಕರೆ ಎಳೆ ಕಡಲೆ ಸೊಪ್ಪು. ಎರಡು ಗಜ್ಜರಿ, ನಾಲ್ಕು ಬದನೆ. ಕಾಳು ಮೊದಲು ಬೇಯಲಿ, ಸೊಪ್ಪು ಆಮೇಲೆ. ಎಲ್ಲ ಮೆತ್ತಗಾದ ಮೇಲೆ ಸೌಟಿನ ಹಿಂಬದಿಯಿಂದ ಅರೆಬರೆ ಮಸೆಯಿರಿ. ಪೂರ್ತಿ ನುಣ್ಣಗಾದರೆ ಭಜ್ಜಿಯ ಮಜಾ ಹೋಗುತ್ತದೆ. ಒಂದು ಬಟ್ಟಲು ಕಡಲೆ ಹಿಟ್ಟನ್ನು ನೀರಿನಲ್ಲಿ ಗಂಟಿಲ್ಲದಂತೆ ಕಲಸಿ ಹಾಕಿ, ಹುಣಸೆರಸ, ಉಪ್ಪು, ಅರಿಶಿಣ ಹಾಕಿ ಕುದಿಸಿ. ಕೊನೆಗೆ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಶುಂಠಿ, ಜೀರಿಗೆ ಜಜ್ಜಿದ ಒಗ್ಗರಣೆ. ಎಣ್ಣೆ ಶೇಂಗಾದ್ದೋ ಕುಸುಬಿಯದೋ ಇರಲಿ.

ಎಳೆ ಕಡಲೆ ಸೊಪ್ಪು ಹಾಕಿದರೆ ಹುಣಸೆ ಸ್ವಲ್ಪ ಕಡಿಮೆ ಮಾಡಿ. ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ಕೂದಲುಗಳಿಂದ ಹುಳಿ ಒಸರುತ್ತದೆ. ಮುಂಜಾನೆ ಹೊಲದಲ್ಲಿ ನಡೆದವರ ಕಾಲಿಗೆ ತುರಿಕೆ ಬರುವುದು ಅದರಿಂದಲೇ. ಅದರಲ್ಲಿರುವುದು ಮುಖ್ಯವಾಗಿ ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ಹಿಂದೆ ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ ಇಬ್ಬನಿಯೊಂದಿಗೆ ಆ ಹುಳಿಯನ್ನು ಹಿಂಡಿ ತೆಗೆದು ಔಷಧಿಗೆ ಇಡುತ್ತಿದ್ದರು. 'ಕಡಲೆ ಸೊಪ್ಪು ಆಸಿಡ್, ತಿನ್ನಬೇಡಿ' ಎಂಬ ಮಾತಿಗೆ ಮೂಲ ಇದೇ ಇರಬೇಕು. ತೊಳೆದು ಬೇಯಿಸಿ ತಿನ್ನುವುದಕ್ಕೆ ಆರೋಗ್ಯವಂತರು ಹೆದರಬೇಕಿಲ್ಲ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆದವರು ಮಾತ್ರ ಪಾಲಕ, ಕಡಲೆ ಸೊಪ್ಪು ಎರಡನ್ನೂ ಮಿತಿಯಲ್ಲಿಡಬೇಕು.

ಹಾಲಿಲ್ಲದಿದ್ದರೆ ಪ್ರೋಟೀನ್ ಎಲ್ಲಿಂದ?

ಲೆಕ್ಕ ಹಾಕಿ ನೋಡೋಣ. ನೂರು ಗ್ರಾಂ ಸಜ್ಜಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ಪ್ರೋಟೀನ್ ಇದೆ, ಅಷ್ಟಕ್ಕೆ ಎರಡು ರೊಟ್ಟಿ ಆಗುತ್ತವೆ. ಒಂದು ದೊಡ್ಡ ಬಟ್ಟಲು ಭಜ್ಜಿಯ ಹಸಿ ಕಾಳು ಮತ್ತು ಕಡಲೆ ಹಿಟ್ಟಿನಿಂದ ಏಳೆಂಟು ಗ್ರಾಂ. ಎರಡು ಚಮಚ ಶೇಂಗಾ ಹಿಂಡಿಯಿಂದ ನಾಲ್ಕೈದು ಗ್ರಾಂ. ಒಟ್ಟು ಇಪ್ಪತ್ತೆರಡು, ಇಪ್ಪತ್ಮೂರು ಗ್ರಾಂ ಆಯಿತು. 60 ಕಿಲೋ ತೂಕದ ವಯಸ್ಕರಿಗೆ ದಿನಕ್ಕೆ ಬೇಕಾದ್ದು ಸುಮಾರು 50 ಗ್ರಾಂ. ಒಂದೇ ಊಟದಲ್ಲಿ ಅರ್ಧದ ಹತ್ತಿರ ಬಂತು. ಹೋಲಿಕೆಗೆ, ಒಂದು ಲೋಟ ಹಾಲಿನಲ್ಲಿ ಇರುವುದು ಆರೇಳು ಗ್ರಾಂ.

'ಸಸ್ಯದ ಪ್ರೋಟೀನ್ ಅಪೂರ್ಣ' ಎಂಬ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಬೇಳೆಕಾಳಿನಲ್ಲಿ ಲೈಸಿನ್ ಎಂಬ ಅಂಶ ಹೆಚ್ಚು, ಮಿಥಿಯೋನಿನ್ ಕಡಿಮೆ. ಸಜ್ಜಿ, ಜೋಳದಂಥ ಧಾನ್ಯದಲ್ಲಿ ಇದು ತಿರುಗುಮುರುಗು. ಎಳ್ಳಿನಲ್ಲೂ ಮಿಥಿಯೋನಿನ್ ಚೆನ್ನಾಗಿದೆ. ರೊಟ್ಟಿ, ಭಜ್ಜಿ, ಎಳ್ಳು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಇವನ್ನೆಲ್ಲ ಒಂದೇ ತುತ್ತಿನಲ್ಲಿ ತಿನ್ನಬೇಕು ಎಂದೂ ಕೆಲವರು ಬರೆಯುತ್ತಾರೆ, ಅದು ಹಳೆಯ ಮಾತು. 1971ರಲ್ಲಿ ಫ್ರಾನ್ಸಿಸ್ ಮೂರ್ ಲಾಪೆ ಎಂಬ ಅಮೆರಿಕನ್ ಲೇಖಕಿ ತಮ್ಮ ಪುಸ್ತಕದಲ್ಲಿ ಈ ಸಲಹೆಯನ್ನು ಜನಪ್ರಿಯಗೊಳಿಸಿದರು, ಹತ್ತು ವರ್ಷದ ನಂತರದ ಆವೃತ್ತಿಯಲ್ಲಿ ತಾವೇ ತಿದ್ದಿಕೊಂಡರು. ದಿನದಲ್ಲಿ ಎರಡೂ ಹೊಟ್ಟೆಗೆ ಹೋದರೆ ಸಾಕು.

ಎಳ್ಳಿನ ಫಾರ್ವರ್ಡ್ ನೋಡಿ. ನೂರು ಗ್ರಾಂ ಎಳ್ಳಿನಲ್ಲಿ ಸಾವಿರ ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ ಎಂಬುದು ನಿಜ. ಆದರೆ ನೂರು ಗ್ರಾಂ ಎಳ್ಳು ಯಾರು ತಿನ್ನುತ್ತಾರೆ? ದೊಡ್ಡ ಚಮಚದಲ್ಲಿ ಹಿಡಿಯುವುದು ಹತ್ತು ಗ್ರಾಂ. ಅಂದರೆ ನೂರು ಮಿಲಿಗ್ರಾಂ ಕ್ಯಾಲ್ಸಿಯಂ, ಅದರಲ್ಲೂ ಸಿಪ್ಪೆಯ ಆಕ್ಸಲೇಟ್ ಒಂದಿಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಒಂದು ಲೋಟ ಹಾಲಿನಲ್ಲಿ 240 ಮಿಲಿಗ್ರಾಂ ಹತ್ತಿರ ಇರುತ್ತದೆ. ಒಂದು ಚಮಚ ಎಳ್ಳು ಒಂದು ಲೋಟ ಹಾಲಿಗೆ ಸಮವಲ್ಲ. ರೊಟ್ಟಿಗೆ ಎಳ್ಳು ರುಚಿಗೆ ಹಚ್ಚಿ, ಲೆಕ್ಕಕ್ಕಲ್ಲ.

ಇನ್ನು ಸಜ್ಜಿ ಉಷ್ಣವೇ? ನೂರು ಗ್ರಾಂ ಸಜ್ಜಿಯಲ್ಲಿ ಸುಮಾರು 350 ಕ್ಯಾಲರಿ, ಜೋಳದಲ್ಲಿ 335 ಹತ್ತಿರ. ಮೈಬಿಸಿ ಏರಿಸುವಷ್ಟು ವ್ಯತ್ಯಾಸ ಇದಲ್ಲ. ವ್ಯತ್ಯಾಸ ಇರುವುದು ಕೊಬ್ಬಿನಲ್ಲಿ. ಸಜ್ಜಿಯಲ್ಲಿ ಶೇಕಡಾ 5ರಷ್ಟು ಕೊಬ್ಬಿದೆ, ಜೋಳದಲ್ಲಿ 2ಕ್ಕಿಂತ ಕಡಿಮೆ. ಹಿಟ್ಟು ಬೀಸಿದ ಮೇಲೆ ಈ ಕೊಬ್ಬು ಬೇಗ ಕಮಟು ಹಿಡಿದು ಹಿಟ್ಟು ಕಹಿಯಾಗುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ. ಮುಂಗಾರಿನ ಹೊಸ ಸಜ್ಜಿ ಬಂದು, ಚಳಿಯಲ್ಲಿ ಹಿಟ್ಟು ನಾಲ್ಕು ದಿನ ಹೆಚ್ಚು ಉಳಿಯುವ ಕಾಲ ಇದು. ಸಜ್ಜಿ ರೊಟ್ಟಿ ಚಳಿಗಾಲದ್ದಾದದ್ದಕ್ಕೆ ನನಗೆ ಒಪ್ಪಿಗೆಯಾಗುವ ವಿವರಣೆ ಅದು. ಅತಿಥಿಗಳಿಗೆ ಬೇಕಾದಷ್ಟನ್ನೇ ಬೀಸಿಸಿ.

ಅಂಬಲಿ, ಹೋಳಿಗೆ, ಹುಗ್ಗಿ

ಅಂಬಲಿಗೆ ಮಜ್ಜಿಗೆ ಕಡ್ಡಾಯ ಎಂದು ಅನೇಕರು ತಿಳಿದಿದ್ದಾರೆ. ಜೋಳದ ಹಿಟ್ಟನ್ನು ನೀರಿನಲ್ಲಿ ಕಲಸಿ ಮಣ್ಣಿನ ಗಡಿಗೆಯಲ್ಲಿ ಇಟ್ಟರೆ ಅದು ತಾನಾಗಿಯೇ ಹುಳಿಯುತ್ತದೆ. ಹಾಲನ್ನು ಮೊಸರು ಮಾಡುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾ ಬಳಗದವೇ ಜೋಳದ ಮೇಲೂ ಇರುತ್ತವೆ. ಚಳಿಗಾಲದಲ್ಲಿ ಒಂದೇ ರಾತ್ರಿ ಸಾಲದು, ಒಂದೂವರೆ ದಿನ ಕೊಡಿ. ಹಿಂದಿನ ಹುಳಿಹಿಟ್ಟಿನ ಒಂದು ಸೌಟು ಸೇರಿಸಿದರೆ ಬೇಗ ಆಗುತ್ತದೆ. ಆಮೇಲೆ ನೀರು ಕುದಿಸಿ, ಹುಳಿ ಬಂದ ಹಿಟ್ಟು ಹೊಯ್ದು ಕೈಯಾಡಿಸಿ ಬೇಯಿಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿದರೆ ಅಂಬಲಿ ಸಿದ್ಧ. ಒಂದು ತಂಬಿಗೆ ಹೀಗೇ ತೆಗೆದಿಟ್ಟು, ಉಳಿದದ್ದಕ್ಕೆ ಎಂದಿನಂತೆ ಮಜ್ಜಿಗೆ ಹಾಕಿ. ಮನೆಯವರ ಅಂಬಲಿ ಬದಲಾಗಬೇಕಿಲ್ಲ. ಪೂಜೆಯ ನೈವೇದ್ಯದ ತುಪ್ಪವೂ ಬದಲಾಗಬೇಕಿಲ್ಲ. ಅತಿಥಿಯ ತಟ್ಟೆಯದಷ್ಟೇ ಪ್ರಶ್ನೆ.

ಶೇಂಗಾ ಹೋಳಿಗೆ, ಎಳ್ಳು ಹೋಳಿಗೆಯ ಹೂರಣದಲ್ಲಿ ಹಾಲಿಲ್ಲ. ತುಪ್ಪದ ಬದಲು ಎಣ್ಣೆಯಲ್ಲಿ ಸುಟ್ಟರೆ ಮುಗಿಯಿತು. ಅತಿಥಿಯದನ್ನು ಮೊದಲು ಸುಡಿ, ಇಲ್ಲವಾದರೆ ಹಂಚಿನಲ್ಲಿ ತುಪ್ಪ ಉಳಿದಿರುತ್ತದೆ. ಹುಗ್ಗಿಗೆ ಉತ್ತರ ಕರ್ನಾಟಕದವರ ಬಳಿ ಹಳೆಯ ಉಪಾಯವೇ ಇದೆ: ಕುಸುಬಿ ಹಾಲು. ಕುಸುಬಿ ಬೀಜ ನೆನೆಸಿ, ರುಬ್ಬಿ, ಬಟ್ಟೆಯಲ್ಲಿ ಹಿಂಡಿದರೆ ಬರುವ ಬಿಳಿ ಹಾಲನ್ನು ಬೆಲ್ಲದ ಹುಗ್ಗಿಗೆ ಹಾಕುತ್ತಾರೆ. ಪೇಟೆಯಿಂದ ಬಾದಾಮಿ ಹಾಲಿನ ದುಬಾರಿ ಡಬ್ಬಿ ತರಿಸುವ ಮುಂಚೆ ಅಜ್ಜಿಯರನ್ನು ಕೇಳಿ ನೋಡಿ. ಮೆಲ್ಲಗೆ ಕಾಯಿಸಿ, ಜೋರು ಉರಿಗೆ ಒಡೆಯುತ್ತದೆ.

ಸಕ್ಕರೆಯ ಮೂಳೆಪುಡಿ ಸುದ್ದಿ ಎಲ್ಲಿಂದ ಬಂತು? ಅಮೆರಿಕ ಮುಂತಾದ ಕಡೆ ಕೆಲವು ಕಾರ್ಖಾನೆಗಳು ಕಬ್ಬಿನ ಸಕ್ಕರೆಯ ಬಣ್ಣ ತೆಗೆಯಲು ಸುಟ್ಟ ಮೂಳೆಯ ಇದ್ದಿಲಿನ ಮೂಲಕ ಸೋಸುತ್ತವೆ. ಅಲ್ಲಿನ ವೀಗನ್‌ರ ಈ ದೂರು ಹಾಗೇ ಅನುವಾದಗೊಂಡು ಇಲ್ಲಿಗೆ ಬಂದಿದೆ. ನಮ್ಮ ದೇಶದ ಬಹುಪಾಲು ಸಕ್ಕರೆ ಕಾರ್ಖಾನೆಗಳು ಬಳಸುವುದು ಸುಣ್ಣ ಮತ್ತು ಗಂಧಕದ ಹೊಗೆಯ ವಿಧಾನ. ಅಲ್ಲಿ ಮೂಳೆಗೆ ಕೆಲಸವಿಲ್ಲ. ಬೆಲ್ಲದ ಗಾಣದಲ್ಲಂತೂ ಕೊಳೆ ತೆಗೆಯಲು ಹಾಕುವುದು ಬೆಂಡೆ ಗಿಡದ ಲೋಳೆ ಮತ್ತು ಸುಣ್ಣ. ಬೆಲ್ಲ ಬಂಗಾರದಂತೆ ಹಳದಿಯಾಗಿ ಹೊಳೆಯುತ್ತಿದ್ದರೆ ಬಣ್ಣ ತೆಗೆಯುವ ರಾಸಾಯನಿಕ ಹೆಚ್ಚಾಗಿರಬಹುದು, ಕಂದು ಬೆಲ್ಲ ತನ್ನಿ.

ಈಗ ಮುಖ್ಯ ವಿಷಯ: ರಾತ್ರಿ ಮಾಡಿಟ್ಟ ಭಜ್ಜಿ

ಎಳ್ಳಮಾಸಿಯ ಅಡುಗೆ ಹಿಂದಿನ ರಾತ್ರಿಯೇ ಶುರುವಾಗುತ್ತದೆ. ಇಪ್ಪತ್ತು ಮೂವತ್ತು ಮಂದಿಗೆ ದೊಡ್ಡ ಪಾತ್ರೆಯಲ್ಲಿ ಭಜ್ಜಿ ಮಾಡಿ, ಮುಚ್ಚಿ, ಒಲೆಯ ಪಕ್ಕದಲ್ಲೇ ಬಿಟ್ಟು ಮಲಗುತ್ತಾರೆ. ಮುಂಜಾನೆ ಸ್ವಲ್ಪ ಬಿಸಿ ಮಾಡಿ ಗಾಡಿಗೆ ಹಾಕಿದರೆ ಉಣ್ಣುವ ಹೊತ್ತಿಗೆ ಮಧ್ಯಾಹ್ನ ಒಂದೋ ಎರಡೋ ಗಂಟೆ. 'ಚಳಿಗಾಲ, ಕೆಡಲ್ಲ. ಹುಣಸೆ ಇದೆ, ಕೆಡಲ್ಲ.' ನಮ್ಮ ಮನೆಯಲ್ಲೂ ಇದನ್ನೇ ನಂಬಿದ್ದೆವು. ಒಂದು ವರ್ಷ ಹೊಲದಿಂದ ಬಂದ ರಾತ್ರಿ ಎಂಟು ಮಂದಿಗೆ ಹೊಟ್ಟೆ ಹಿಂಡಿ ಭೇದಿಯಾಯಿತು. ಆಗ ಎಲ್ಲರೂ ಬೈದದ್ದು ಹೊಲದ ಬಾವಿ ನೀರನ್ನು. ಇವತ್ತು ಯೋಚಿಸಿದರೆ ನನ್ನ ಅನುಮಾನ ಭಜ್ಜಿಯ ಮೇಲೆಯೇ.

ಕುದಿಸಿದರೆ ಎಲ್ಲ ಕ್ರಿಮಿ ಸಾಯುತ್ತವೆ ಎಂಬುದು ಅರ್ಧ ಸತ್ಯ. ಮಣ್ಣಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಬೀಜದಂಥ ಗಟ್ಟಿ ಕವಚ ಕಟ್ಟಿಕೊಳ್ಳುತ್ತವೆ. ಇದಕ್ಕೆ ಸ್ಪೋರ್ ಎನ್ನುತ್ತಾರೆ. ಹೊಲದಿಂದ ಬಂದ ಸೊಪ್ಪು, ಕಾಳಿನ ಮೇಲೆ ಇವು ಇದ್ದೇ ಇರುತ್ತವೆ, ಕುದಿತಕ್ಕೆ ಸಾಯುವುದಿಲ್ಲ. ಪಾತ್ರೆ ತಣಿಯುತ್ತಾ ಬಂದಾಗ ಕವಚ ಬಿಚ್ಚಿ ಬೆಳೆಯತೊಡಗುತ್ತವೆ. ಇಲ್ಲಿ ಎರಡು ಹೆಸರು ಮುಖ್ಯ. ಮೊದಲನೆಯದು ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ದೊಡ್ಡ ಪಾತ್ರೆಯ ಗಟ್ಟಿ ಅಡುಗೆ ಇದಕ್ಕೆ ಅಚ್ಚುಮೆಚ್ಚು. 43ರಿಂದ 47 ಡಿಗ್ರಿ ಉಗುರುಬೆಚ್ಚನೆಯಲ್ಲಿ ಹತ್ತು ನಿಮಿಷದ ಆಸುಪಾಸಿನಲ್ಲೇ ಒಂದು ಎರಡಾಗುತ್ತದೆ. ತಿಂದ 6ರಿಂದ 24 ಗಂಟೆಯೊಳಗೆ ಹೊಟ್ಟೆ ಹಿಂಡುವುದು, ಭೇದಿ. ಎರಡನೆಯದು ಬ್ಯಾಸಿಲಸ್ ಸೀರಿಯಸ್. ಅನ್ನ, ಹುಗ್ಗಿಯಂಥ ಪಿಷ್ಟದ ಅಡುಗೆಯಲ್ಲಿ ಬೆಳೆದು ವಿಷ ಬಿಡುತ್ತದೆ. ತಿಂದ ಅರ್ಧ ಗಂಟೆಯಿಂದ ಆರು ಗಂಟೆಯೊಳಗೆ ವಾಂತಿ.

ಮತ್ತೆ ಚೆನ್ನಾಗಿ ಕುದಿಸಿದರೆ? ಮೊದಲನೆಯದು ಸಾಯುತ್ತದೆ, ಏಕೆಂದರೆ ಅದು ವಿಷ ಬಿಡುವುದು ಹೆಚ್ಚಾಗಿ ನಮ್ಮ ಹೊಟ್ಟೆಗೆ ಹೋದ ಮೇಲೆ. ಎರಡನೆಯದರ ವಾಂತಿ ತರುವ ವಿಷ ಮಾತ್ರ ಕುದಿತಕ್ಕೂ ಹೋಗುವುದಿಲ್ಲ. ರಾತ್ರಿಯಿಡೀ ಹೊರಗಿದ್ದ ಅಕ್ಕಿ ಹುಗ್ಗಿಯನ್ನು ಎಷ್ಟು ಕುದಿಸಿದರೂ ಭರವಸೆ ಇಲ್ಲ ಎನ್ನುವುದು ಇದಕ್ಕೇ. ವಾಸನೆ, ರುಚಿ ನೋಡಿ ತಿಳಿಯುವುದೂ ಸಾಧ್ಯವಿಲ್ಲ, ಎರಡೂ ಬದಲಾಗದೆ ಇರಬಹುದು.

ಚಳಿಯ ಮಾತು ಏಕೆ ನಿಲ್ಲುವುದಿಲ್ಲ? ಅಂಗಳದ ಗಾಳಿ ತಣ್ಣಗಿರಬಹುದು, ಪಾತ್ರೆಯ ನಡುವಿನ ಭಜ್ಜಿ ಅಲ್ಲ. ಚಹಾ ಬಸಿಗೆ ಸುರಿದರೆ ತಕ್ಷಣ ಆರುತ್ತದೆ, ಕಪ್ಪಿನಲ್ಲಿ ತಡವಾಗುತ್ತದೆ, ಕೆಟಲಿನಲ್ಲಿ ಇನ್ನೂ ತಡ. ಪಾತ್ರೆ ದೊಡ್ಡದಾದಷ್ಟೂ ಒಳಗಿನ ಅಡುಗೆಗೆ ಹೋಲಿಸಿದರೆ ಬಿಸಿ ಹೊರಹೋಗುವ ಮೇಲ್ಮೈ ಕಡಿಮೆ. ಅದರಲ್ಲೂ ಕಡಲೆ ಹಿಟ್ಟು ಹಾಕಿ ಗಟ್ಟಿಯಾದ ಭಜ್ಜಿಯಲ್ಲಿ ಬಿಸಿ ಒಳಗೊಳಗೇ ಓಡಾಡುವುದೂ ಇಲ್ಲ. ಮೇಲೆ ಮುಟ್ಟಿದರೆ ತಣ್ಣಗೆ, ನಡುವೆ ಗಂಟೆಗಟ್ಟಲೆ ಬೆಚ್ಚಗೆ. ಕ್ರಿಮಿಗೆ ಬೇಕಾದದ್ದು ಅದೇ.

ಹುಣಸೆಯ ಮಾತಿನಲ್ಲಿ ತುಸು ನಿಜವಿದೆ. ಹುಳಿ ಹೆಚ್ಚಾದಷ್ಟೂ ಬ್ಯಾಕ್ಟೀರಿಯಾ ನಿಧಾನ. ಚೆನ್ನಾಗಿ ಹುಳಿ ಬಂದ ಅಂಬಲಿ ಹೆಚ್ಚು ಹೊತ್ತು ತಾಳುವುದು, ಉಪ್ಪಿನಕಾಯಿ ವರ್ಷ ತಾಳುವುದು ಹೀಗೆಯೇ. ಆದರೆ ಮೂರು ನಾಲ್ಕು ಕಿಲೋ ಕಾಳು ಸೊಪ್ಪಿಗೆ ರುಚಿಗೆಂದು ಹಾಕುವ ಹುಣಸೆರಸ ಆ ಮಟ್ಟಕ್ಕೆ ಹುಳಿ ತರುತ್ತದೆ ಎಂದು ನಂಬಿ ಕೂರಲಾಗದು. ಅಷ್ಟು ಹುಳಿ ಹಾಕಿದರೆ ಭಜ್ಜಿ ಉಣ್ಣಲು ಬರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ನೆನಪಿಡಲು ಸುಲಭ. ಬೇಯಿಸಿದ್ದು 60 ಡಿಗ್ರಿಗಿಂತ ಬಿಸಿಯಾಗಿರಲಿ ಅಥವಾ 5 ಡಿಗ್ರಿಗಿಂತ ತಣ್ಣಗಿರಲಿ. ನಡುವೆ ಎರಡು ಗಂಟೆಗಿಂತ ಹೆಚ್ಚು ಬೇಡ. ಹಳ್ಳಿಯ ಅಡುಗೆಮನೆಗೆ ಇದನ್ನು ಇಳಿಸುವುದು ಹೀಗೆ. ರಾತ್ರಿ ಕಾಯಿ ಸುಲಿದು, ಸೊಪ್ಪು ಬಿಡಿಸಿ, ಹಿಂಡಿ ಕುಟ್ಟಿ, ಹೋಳಿಗೆ ಮಾಡಿಡಿ. ಭಜ್ಜಿ, ಹುಗ್ಗಿ ಮುಂಜಾನೆಯೇ ಆಗಲಿ. ಇಲ್ಲ, ರಾತ್ರಿಯೇ ಆಗಬೇಕು ಎಂದರೆ ಭಜ್ಜಿಯನ್ನು ಅಗಲ ತಟ್ಟೆ, ಪರಾತಗಳಲ್ಲಿ ಎರಡು ಬೆರಳು ದಪ್ಪಕ್ಕೆ ಹರಡಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಹೊಲಕ್ಕೆ ಒಯ್ಯುವಾಗ ಕುದಿಯುವ ಪಾತ್ರೆಯನ್ನೇ ಮುಚ್ಚಿ, ಗೋಣಿಚೀಲ, ಕಂಬಳಿ ಸುತ್ತಿ ಒಯ್ಯಿರಿ. ಹೊಲದಲ್ಲಿ ಮೂರು ಕಲ್ಲು ಇಟ್ಟು ತೊಗರಿ ಕಟ್ಟಿಗೆ ಹಚ್ಚಿ, ಬಡಿಸುವ ಮುಂಚೆ ತಳದಿಂದ ಕೈಯಾಡಿಸುತ್ತಾ ಇನ್ನೊಂದು ಸಲ ಕುದಿ ಬರಿಸಿ. ಉಳಿದದ್ದನ್ನು ಅಕ್ಕಪಕ್ಕದವರಿಗೆ ಡಬ್ಬಿ ಕಟ್ಟಿ ಕಳಿಸುವ ಪದ್ಧತಿ ಇದೆಯಲ್ಲ, ಅದನ್ನು ಸಂಜೆವರೆಗೆ ಕಾಯದೆ ಬಿಸಿಯಿರುವಾಗಲೇ ಮಾಡಿ. ಚಿಕ್ಕ ಮಕ್ಕಳು, ಬಸುರಿಯರು, ವಯಸ್ಸಾದವರು ಇರುವ ಮನೆಗೆ ಹಳೆ ಭಜ್ಜಿ ಕಳಿಸಲೇಬೇಡಿ.

ಹೊಲದ ಕಾಯಿ, ಅಂಗಡಿಯ ಬಟಾಣಿ

ತೊಗರಿ, ಕಡಲೆ ಕಾಯಿ ಕಟ್ಟುವ ಹೊತ್ತಿಗೇ ಕಾಯಿಕೊರಕ ಹುಳು ಬರುತ್ತದೆ, ರೈತರು ಔಷಧಿ ಹೊಡೆಯುವುದೂ ಆಗಲೇ. ಅತಿಥಿಗಳು ಬಂದ ಖುಷಿಗೆ ಗಿಡದಿಂದ ಕಿತ್ತು ಹಾಗೇ ಬಾಯಿಗೆ ಹಾಕಿಕೊಳ್ಳುತ್ತಾರೆ, ಸುಲಗಾಯಿ ಸುಡುತ್ತಾರೆ. ಔಷಧಿ ಡಬ್ಬಿಯ ಲೇಬಲ್ ಮೇಲೆ ಹೊಡೆದ ನಂತರ ಎಷ್ಟು ದಿನ ಕೊಯ್ಯಬಾರದು ಎಂದು ಬರೆದಿರುತ್ತದೆ. ಅದನ್ನು ಎಣಿಸಿ, ಅಥವಾ ಮನೆಮಟ್ಟಿಗೆ ನಾಲ್ಕು ಸಾಲು ಹೊಡೆಯದೆ ಬಿಡಿ. ಅಡುಗೆ ಸೋಡಾ ನೀರಿನಲ್ಲಿ ನೆನೆಸಿದರೆ ಎಲ್ಲ ವಿಷ ಹೋಗುತ್ತದೆ ಎಂಬುದು ಪೂರ್ತಿ ನಿಜವಲ್ಲ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿನ ಮೇಲೆ ಎರಡು ಔಷಧಿ ಹಾಕಿ ಪರೀಕ್ಷಿಸಿದಾಗ ಸೋಡಾ ನೀರು ಮೇಲ್ಮೈಯದನ್ನು ಬಹುಪಾಲು ತೆಗೆಯಿತು. ಅದಕ್ಕೂ ಹನ್ನೆರಡು, ಹದಿನೈದು ನಿಮಿಷ ಬೇಕಾಯಿತು. ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಕಾಯಿ ತೊಳೆದು ಆಮೇಲೆ ಸುಲಿಯಿರಿ, ಸುಲಿದ ಕೈಯನ್ನೂ ತೊಳೆಯಿರಿ.

ಹಸಿ ಬಟಾಣಿ ಕಾಯಿ ಸಿಗುವ ಕಾಲದಲ್ಲಿ ಅಂಗಡಿಯ ಗಾಢ ಹಸಿರು ಕಾಳು ತರುವ ಅಗತ್ಯವಿಲ್ಲ. ತಂದಿದ್ದರೆ ಒಂದು ಗಾಜಿನ ಲೋಟದಲ್ಲಿ ನೀರು ಹಾಕಿ ಅರ್ಧ ಗಂಟೆ ಬಿಡಿ. ಬಣ್ಣ ಬೇರ್ಪಟ್ಟು ನೀರು ಹಸಿರಾದರೆ ಬಣ್ಣ ಹಾಕಿದ್ದಾರೆ ಎಂದರ್ಥ. ಇದು ಎಫ್‌ಎಸ್‌ಎಸ್‌ಎಐ ಸ್ವತಃ ಹೇಳಿಕೊಡುವ ಪರೀಕ್ಷೆ.

ಪಾತ್ರೆಯ ಬಗ್ಗೆ ಒಂದೇ ಮಾತು. ಅಲ್ಯೂಮಿನಿಯಂ ಪಾತ್ರೆಯಿಂದ ಮರೆವಿನ ರೋಗ ಬರುತ್ತದೆ ಎಂಬುದು ಸಾಬೀತಾಗಿಲ್ಲ. ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಹುಣಸೆ ಕುದಿಸಿದರೆ ತಾಮ್ರ ಬಿಟ್ಟು ವಾಂತಿಯಾಗುವುದು ಮಾತ್ರ ಖಂಡಿತ ನಿಜ. ಬಾಡಿಗೆ ಪಾತ್ರೆ ತಂದರೆ ಒಳಗೆ ನೋಡಿ ತನ್ನಿ.

ಕರೆಯುವಾಗಲೇ ಕೇಳಬೇಕಾದದ್ದು

ವೀಗನ್ ಊಟ ಎಂದರೆ ಎಲ್ಲರಿಗೂ ಸುರಕ್ಷಿತ ಊಟ ಎಂದಲ್ಲ. ಎಳ್ಳಮಾಸಿ ತಟ್ಟೆಯಲ್ಲಿ ಶೇಂಗಾ ಮತ್ತು ಎಳ್ಳು ಎಲ್ಲೆಡೆ ಇವೆ. ಈ ಎರಡಕ್ಕೂ ಅಲರ್ಜಿ ಇರುವವರಿದ್ದಾರೆ, ಕೆಲವರಿಗೆ ಒಂದೇ ತುತ್ತಿಗೆ ಉಸಿರು ಕಟ್ಟಬಹುದು. ತಾಲ್ಲೂಕು ಆಸ್ಪತ್ರೆಯಿಂದ ದೂರದ ಹೊಲದಲ್ಲಿ ಅದು ಆಗಬಾರದು. ಫೋನಿನಲ್ಲೇ ಕೇಳಿ. ಡಯಾಲಿಸಿಸ್ ಮೇಲಿರುವ ನೆಂಟರಿಗೆ ಸೊಪ್ಪು, ಕಾಳಿನ ಪೊಟ್ಯಾಸಿಯಂ ತೊಂದರೆ ಕೊಡುತ್ತದೆ, 'ನಾಟಿ ತರಕಾರಿ, ಏನೂ ಆಗಲ್ಲ' ಎಂದು ಒತ್ತಾಯ ಮಾಡಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಒಂದೇ ದಿನ ರಾಶಿ ಸೊಪ್ಪು ತಿಂದರೆ ಮಾತ್ರೆಯ ಪರಿಣಾಮ ತಗ್ಗಬಹುದು.

ಎಲ್ಲರಿಗೂ ಅನ್ವಯಿಸುವ ಇನ್ನೊಂದು ಸಂಗತಿ ಚಹಾ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಅರ್ಧದ ಹತ್ತಿರ ಮಂದಿಗೆ ರಕ್ತಹೀನತೆ ಇದೆ ಎಂದು ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಸಜ್ಜಿ, ಸೊಪ್ಪು, ಕಾಳುಗಳಲ್ಲಿ ಕಬ್ಬಿಣ ಇದೆ, ಆದರೆ ದೇಹ ಅದನ್ನು ಸುಲಭವಾಗಿ ಹೀರುವುದಿಲ್ಲ. ಊಟದ ಬೆನ್ನಿಗೇ ಚಹಾ ಕುಡಿದರೆ ಅದರ ಟ್ಯಾನಿನ್ ಇನ್ನಷ್ಟು ತಡೆಯುತ್ತದೆ. ಹುಣಸೆಯ ಹುಳಿ, ಪೇರಲ ಹಣ್ಣಿನ ವಿಟಮಿನ್ ಸಿ ಹೀರಿಕೆಗೆ ನೆರವಾಗುತ್ತವೆ. ಹಾಗಾಗಿ ಊಟ ಆದ ಮೇಲೆ ಪೇರಲ ಹೋಳು ಹಂಚಿ, ಚಹಾ ಒಂದು ಗಂಟೆ ತಡವಾಗಲಿ. ಬೀದರ್ ಕಡೆ ಇದನ್ನು ಒಪ್ಪಿಸುವುದು ಭಜ್ಜಿ ವಿಷಯ ಒಪ್ಪಿಸುವುದಕ್ಕಿಂತ ಕಷ್ಟ, ಗೊತ್ತು.

ವಿಟಮಿನ್ ಬಿ12 ಸಸ್ಯಗಳಲ್ಲಿ ಇಲ್ಲ. ಒಂದು ದಿನದ ಅತಿಥಿಗೆ ಅದು ಪ್ರಶ್ನೆಯೇ ಅಲ್ಲ. ವರ್ಷಗಟ್ಟಲೆ ವೀಗನ್ ಆಗಿರುವವರು ಮಾತ್ರ ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಅಂಬಲಿಯಲ್ಲಿ, ಸ್ಪಿರುಲಿನಾದಲ್ಲಿ ಬಿ12 ಇದೆ ಎಂಬ ಸಂದೇಶ ನಂಬಿ ಕೂರಬಾರದು.

ಬೇರೆ ಕಾಲದಲ್ಲಿ ಅತಿಥಿ ಬಂದರೂ ದಾರಿ ಇದೆ. ಯುಗಾದಿಯಲ್ಲಿ ಹುಣಸೆ, ಬೆಲ್ಲ, ಪುಟಾಣಿ ಹಾಕಿದ ಕುಡಿಯುವ ಬೇವು. ಬೇಸಿಗೆಯಲ್ಲಿ ಹಾಲು ಹಾಕದ ಮಾವಿನ ಸೀಕರಣಿ. ಮಳೆಗಾಲದಲ್ಲಿ ಪುಂಡಿ ಪಲ್ಯ, ಝುಣಕ, ಬಿಸಿ ರೊಟ್ಟಿ.

ವೈನಿ ಆ ವರ್ಷ ಮುಂಜಾನೆ ನಾಲ್ಕಕ್ಕೆ ಎದ್ದು ಭಜ್ಜಿ ಇಟ್ಟರು. ಗೆಳತಿಯ ಅಂಬಲಿ ಬೇರೆ ತಂಬಿಗೆಯಲ್ಲಿತ್ತು. ಅರ್ಧ ಊಟಕ್ಕೆ ನಮ್ಮ ಕಾಕಾ ಅದನ್ನೇ ಎತ್ತಿ ಕುಡಿದು, "ಇದ್ರಾಗ ಮಜ್ಜಿಗಿ ಯಾಕ ಕಮ್ಮಿ ಆಗ್ಯಾದ?" ಅಂತ ಕೇಳಿದರು.